ಘಾಟಿ ರಸ್ತೆಗೆ ಯಾವ ಬ್ಯಾಂಡು?

ಕಿರಿಯ: ಭಾವ, ಈ ರಾಡಾರ್ ಡಿಟೆಕ್ಟರಿನ ಮೆನು ತೆರೆದರೆ ಎಕ್ಸ್, ಕೆ, ಕೆಎ, ಲೇಸರ್ ಅಂತ ನಾಲ್ಕು ಹೆಸರು ಬರುತ್ತವೆ. ಒಂದೊಂದನ್ನೂ ಆನ್ ಮಾಡಬಹುದು, ಆಫ್ ಮಾಡಬಹುದು, ಕೆಲವನ್ನು ಕಿರಿದು ಮಾಡಿಯೂ ಇಡಬಹುದು. ಎಲ್ಲ ಆನ್ ಇಟ್ಟರೆ ಸುಮ್ಮಸುಮ್ಮನೆ ಕಿರುಚುತ್ತದೆ. ಬೇಕಾದ್ದನ್ನೇ ಆಫ್ ಮಾಡಿಬಿಟ್ಟರೆ ಪೊಲೀಸರು ಎದುರಿಗಿದ್ದರೂ ಬಾಯಿ ಬಿಡುವುದಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಸೆಟ್ಟಿಂಗ್ ಅಂತೆ. ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗೆ ಯಾವುದು ಸರಿ? ಸಾಗರದ ಮೇಲೆ ಹೊನ್ನಾವರಕ್ಕೆ ಹೋಗುವ 69, ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಹೋಗುವ 169, ಆಗುಂಬೆ ಇಳಿಯುವ 169ಎ, ಹೊಸನಗರ, ನಗರ ದಾಟಿ ಕೊಲ್ಲೂರಿಗೆ ಹೋಗುವ 766ಸಿ, ಇಷ್ಟು ಹೆದ್ದಾರಿಗೆ ಹೇಳಿದರೆ ಸಾಕು.

ಹಿರಿಯ: ಕೇಳಿದ್ದಕ್ಕೆ ನೇರ ಉತ್ತರ ಬೇಕಾದರೆ ಹೀಗೆ: ಎಕ್ಸ್ ಆಫ್, ಕೆಎ ಆಫ್, ಕೆ ಕಿರಿದು, ಲೇಸರ್ ಆನ್. ಆದರೆ ಹಾಗೆ ಇಟ್ಟುಕೊಂಡರೂ ಈ ಮೂರು ತಾಲ್ಲೂಕಿನಲ್ಲಿ ಅದು ಹೆಚ್ಚುಕಡಿಮೆ ಅಲಂಕಾರದ ವಸ್ತು. ಯಾಕೆ ಅಂತ ತಿಳಿಯಲು ಬ್ಯಾಂಡ್ ಅಂದರೇನು ಅನ್ನುವಲ್ಲಿಂದ ಹೊರಡಬೇಕು. ಪೊಲೀಸರ ರಾಡಾರ್ ಒಂದು ನಿಗದಿತ ಆವರ್ತನದಲ್ಲಿ ಮೈಕ್ರೋವೇವ್ ಬಿಡುತ್ತದೆ. ಅದು ಗಾಡಿಗೆ ತಾಗಿ ಮರಳುವಾಗ ಆವರ್ತನ ಸ್ವಲ್ಪ ಬದಲಾಗಿರುತ್ತದೆ, ಆ ವ್ಯತ್ಯಾಸವೇ ವೇಗ. ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬಣ್ಣದ ವಿಚಾರಕ್ಕೆ ಹೇಳಿದ ತತ್ವ ಇದು. ಎಕ್ಸ್ ಬ್ಯಾಂಡಿನ ಪೊಲೀಸ್ ರಾಡಾರ್ 10.525 ಗಿಗಾಹರ್ಟ್ಸ್, ಕೆ 24.150ರ ಆಸುಪಾಸು, ಕೆಎ 33.4ರಿಂದ 36ರವರೆಗೆ. ಕೆ ಬ್ಯಾಂಡಿನ ಗನ್ ಮುಂದೆ ಅರವತ್ತರಲ್ಲಿ ಬರುವ ಕಾರು ಸುಮಾರು 2,700 ಹರ್ಟ್ಸ್ ವ್ಯತ್ಯಾಸ ಉಂಟುಮಾಡುತ್ತದೆ. ಎಕ್ಸ್ ಹಳೆಯ ಕಾಲದ್ದು, ಅಮೆರಿಕದಲ್ಲೇ ಅಪರೂಪವಾಗಿದೆ. ಕೆಎ ಅಮೆರಿಕದ ಹೆದ್ದಾರಿ ಪೊಲೀಸರ ಮೆಚ್ಚಿನದು. ನಿನ್ನ ಯಂತ್ರ ತಯಾರಾದದ್ದು ಆ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ನಮ್ಮಲ್ಲಿ ಇಂಟರ್‌ಸೆಪ್ಟರ್ ವಾಹನದಿಂದ ಗುರಿ ಇಡುವ ಗನ್ನು ಹೆಚ್ಚಾಗಿ ಲೇಸರಿನದು, ಪತ್ರಿಕೆಗಳು ಅದನ್ನೂ ರಾಡಾರ್ ಗನ್ ಅಂತಲೇ ಬರೆದರೂ. ಲೇಸರಿಗೆ ಬ್ಯಾಂಡಿನ ಲೆಕ್ಕವೇ ಇಲ್ಲ. ಅದು 905 ನ್ಯಾನೊಮೀಟರಿನ ಅವಗೆಂಪು ಬೆಳಕು.

ಕಿರಿಯ: ಲೇಸರಿಗೂ ಡಿಟೆಕ್ಟರಿನಲ್ಲಿ ಸೆನ್ಸರ್ ಇದೆಯಲ್ಲ. ಉಳಿದದ್ದೆಲ್ಲ ಆಫ್ ಮಾಡಿ ಅದೊಂದನ್ನು ಆನ್ ಇಟ್ಟುಕೊಂಡರೆ ಮುಗಿಯಿತು.

ಹಿರಿಯ: ಸೆನ್ಸರ್ ಇದೆ, ಸಮಯ ಇಲ್ಲ. ರಾಡಾರ್ ವಿಷಯದಲ್ಲಿ ಡಿಟೆಕ್ಟರಿಗೆ ನಿಜವಾದ ಅನುಕೂಲ ಒಂದಿತ್ತು. ರಾತ್ರಿ ಅಡಕೆ ತೋಟದಲ್ಲಿ ಟಾರ್ಚ್ ಹಿಡಿದು ಬರುವವನನ್ನು ನೋಡು. ಅವನ ಬೆಳಕು ನಿನ್ನ ಮೇಲೆ ಬಿದ್ದು ತಿರುಗಿ ಅವನ ಕಣ್ಣಿಗೆ ಹೋಗಿ ನೀನು ಯಾರೆಂದು ತಿಳಿಯುವ ಎಷ್ಟೋ ಮೊದಲೇ ಅವನ ಟಾರ್ಚ್ ನಿನಗೆ ಕಂಡಿರುತ್ತದೆ. ಗನ್ನಿನ ಅಲೆ ಹೋಗಿ ಬರಬೇಕು, ಡಿಟೆಕ್ಟರಿಗೆ ಹೋಗುವ ಅಲೆಯಷ್ಟೇ ಸಾಕು. ಹೋಗುವ ಅಲೆ ದೂರದ ವರ್ಗಕ್ಕೆ ತಕ್ಕಂತೆ ಕ್ಷೀಣಿಸಿದರೆ ಮರಳಿ ಬಂದದ್ದು ದೂರದ ನಾಲ್ಕನೇ ಘಾತಕ್ಕೆ ತಕ್ಕಂತೆ ಕ್ಷೀಣಿಸಿರುತ್ತದೆ. ಸಾಲದ್ದಕ್ಕೆ ರಾಡಾರಿನ ಕಿರಣ ಅಗಲ. ಹನ್ನೆರಡು ಡಿಗ್ರಿ ಹರಡುವ ಕಿರಣ 300 ಮೀಟರ್ ದೂರದಲ್ಲಿ 60 ಮೀಟರಿಗೂ ಅಗಲವಾಗಿ ರಸ್ತೆ, ಬೇಲಿ, ಗದ್ದೆ ಎಲ್ಲದರ ಮೇಲೂ ಬೀಳುತ್ತದೆ. ನಿನ್ನ ಮುಂದಿನ ಕಾರಿಗೆ ಗುರಿ ಇಟ್ಟರೂ ಅದರ ಚೂರುಪಾರು ನಿನಗೆ ಸಿಗುತ್ತದೆ. ಲೇಸರ್ ಗನ್ನಿನ ಕಿರಣ ಸುಮಾರು ಮೂರು ಮಿಲಿರೇಡಿಯನ್ ಮಾತ್ರ ಹರಡುವಂಥದ್ದು, 300 ಮೀಟರಿನಲ್ಲಿ ಒಂದು ಮೀಟರ್ ಕೂಡ ಆಗುವುದಿಲ್ಲ, 150 ಮೀಟರಿನಲ್ಲಿ ಒಂದೂವರೆ ಅಡಿ. ಪೊಲೀಸಿನವ ಗುರಿ ಇಡುವುದು ನಂಬರ್ ಪ್ಲೇಟಿಗೆ, ನಿನ್ನ ಡಿಟೆಕ್ಟರ್ ಕೂತಿರುವುದು ಮುಂದಿನ ಗಾಜಿನ ಮೇಲೆ. 300 ಮೀಟರ್ ಹೋಗಿ ಬರಲು ಒಂದು ಮಿಡಿತಕ್ಕೆ ಎರಡು ಮೈಕ್ರೊಸೆಕೆಂಡ್ ಸಾಕು. ಅಂಥ ಮಿಡಿತಗಳ ಒಂದು ಸರಮಾಲೆ ಹೋಗಿ ಬಂದು, ಗನ್ನಿನ ಪರದೆಯ ಮೇಲೆ ಅಂಕಿ ಮೂಡುವುದಕ್ಕೆ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಡ. ಎಪ್ಪತ್ತರಲ್ಲಿ ಹೋಗುವ ಕಾರು ಅಷ್ಟರಲ್ಲಿ ಹತ್ತು ಮೀಟರ್ ದಾಟಿರುತ್ತದೆ. ಡಿಟೆಕ್ಟರ್ ಕೂಗಿಕೊಂಡರೆ, ಕೂಗಿಕೊಂಡರೆ ಅಂತಲೇ ಹೇಳಬೇಕು, ಅಳತೆ ಆಗಿಹೋಯಿತು ಅಂತ ತಿಳಿಸಿದಂತೆ. ಅದನ್ನು ಎಚ್ಚರಿಕೆ ಅನ್ನುವುದು ಹೇಗೆ?

ಕಿರಿಯ: ಹಾಗಾದರೆ ಕೆ ಬ್ಯಾಂಡ್ ಯಾಕೆ ಉಳಿಸಿಕೊಳ್ಳಬೇಕು?

ಹಿರಿಯ: ಅದೊಂದಕ್ಕೆ ಸ್ವಲ್ಪ ಆಸ್ಪದ ಇದೆ. ರಸ್ತೆ ಪಕ್ಕ ನಿಲ್ಲಿಸಿ ‘ನಿಮ್ಮ ವೇಗ ಇಷ್ಟು’ ಎಂದು ತೋರಿಸುವ ಫಲಕಗಳು, ಕಂಬದ ಮೇಲಿನ ಕೆಲವು ಬಗೆಯ ಕ್ಯಾಮೆರಾಗಳು 24 ಗಿಗಾಹರ್ಟ್ಸಿನ ರಾಡಾರಿನಿಂದಲೇ ಕೆಲಸ ಮಾಡುತ್ತವೆ. ಆದರೆ ಅದೇ ಪಟ್ಟಿಯಲ್ಲಿ ಮಾತಾಡುವವರು ಬಹಳ ಜನ. ಕೆಲವು ಕಾರುಗಳ ಬ್ಲೈಂಡ್ ಸ್ಪಾಟ್ ರಾಡಾರ್ 24 ಗಿಗಾಹರ್ಟ್ಸಿನದು, ತಾನಾಗಿ ತೆರೆಯುವ ಅಂಗಡಿ ಬಾಗಿಲುಗಳ ಸೆನ್ಸರ್ ಕೂಡ ಅಲ್ಲೇ. ಶನಿವಾರ ಜೋಗಕ್ಕೆ ಹೊರಟ ಬೆಂಗಳೂರಿನ ಕಾರುಗಳ ಸಾಲಿನ ಹಿಂದೆ ಸಿಕ್ಕಿಕೊಂಡರೆ ಯಂತ್ರ ಬಾಯಿ ಮುಚ್ಚುವುದೇ ಇಲ್ಲ, ಅದಕ್ಕೇ ಕಿರಿದು ಮಾಡಿಡು ಅಂದದ್ದು. ಇನ್ನು ಕೆಲವು ಕ್ಯಾಮೆರಾ ವ್ಯವಸ್ಥೆಗಳು ಏನನ್ನೂ ಹೊರಸೂಸುವುದೇ ಇಲ್ಲ. ಎರಡು ಕಂಬಗಳ ನಡುವೆ ಎಷ್ಟು ದೂರ ಅನ್ನುವುದು ಗೊತ್ತಿದೆ, ನಂಬರ್ ಪ್ಲೇಟ್ ಓದಲು ಕ್ಯಾಮೆರಾ ಇದೆ, ಗಡಿಯಾರ ಇದೆ. ಸರಾಸರಿ ವೇಗ ತೆಗೆಯಲು ಅಷ್ಟು ಸಾಕು. ಹೊರಸೂಸದ್ದನ್ನು ಯಾವ ಬ್ಯಾಂಡಿನಲ್ಲಿ ಹಿಡಿಯುತ್ತೀಯ?

ಕಿರಿಯ: ಸರಿ, ಯಂತ್ರದ ಮಿತಿ ಒಪ್ಪಿದೆ. ಆದರೆ ನೀವು ಒಂದು ಮಾತು ಬಿಟ್ಟಿರಿ. ಡಿಟೆಕ್ಟರ್ ಇರುವವನು ಅದು ಕೂಗಿದಾಗಲಾದರೂ ನಿಧಾನ ಮಾಡುತ್ತಾನೆ, ಇಲ್ಲದವನು ಮಾಡುವುದೇ ಇಲ್ಲ. ಕೊನೆಗೆ ಪೊಲೀಸರಿಗೂ ಬೇಕಾದ್ದು ನಿಧಾನವೇ ತಾನೆ? ನೂರು ಸಲ ಸುಳ್ಳು ಕೂಗಿದರೂ ನೂರು ಸಲ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಅದರಿಂದ ನಷ್ಟ ಏನು?

ಹಿರಿಯ: ಕೂಗಿದಾಗ ಏನಾಗುತ್ತದೆ ಅನ್ನುವುದಕ್ಕಿಂತ ಕೂಗದೇ ಇದ್ದಾಗ ಏನಾಗುತ್ತದೆ ಅನ್ನುವುದು ನನಗೆ ಮುಖ್ಯ. ಯಂತ್ರ ಸುಮ್ಮನಿದೆ ಅಂದರೆ ಮುಂದೆ ರಸ್ತೆ ಸಲೀಸು ಅಂತ ಕಾರಿನವನು ಓದಿಕೊಳ್ಳುತ್ತಾನೆ. ಕೊಂಡದ್ದೇ ಆ ಓದಿಗಾಗಿ. ಈಗ ನಮ್ಮ ರಸ್ತೆ ನೋಡು. ಗಾಜನೂರು ದಾಟಿ ತುಂಗೆಯ ಹಿನ್ನೀರಿನ ಪಕ್ಕ ಮಂಡಗದ್ದೆಯ ಕಡೆ ಬಂದರೆ ತಿರುವಿನ ಮೇಲೆ ತಿರುವು. ಮೈಕ್ರೋವೇವ್ ನೇರಕ್ಕೆ ಹೋಗುವಂಥದ್ದು, ಗುಡ್ಡದ ಧರೆಯನ್ನು ಹಾಯುವುದಿಲ್ಲ, ಒದ್ದೆ ಎಲೆಯ ದಟ್ಟಣೆಯಲ್ಲಿ ಬೇಗ ಸೋಲುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಡಿಟೆಕ್ಟರಿಗೆ ಒಂದೆರಡು ಕಿಲೋಮೀಟರಿನ ಮುಂಚೂಣಿ ಸಿಗುತ್ತಿತ್ತಲ್ಲ, ಇಲ್ಲಿ ತಿರುವಿನಾಚೆಗೆ ನಿನ್ನ ಕಣ್ಣಿಗೆ ಎಷ್ಟು ಕಾಣುತ್ತದೋ ಬಹುಮಟ್ಟಿಗೆ ಅದಕ್ಕೂ ಅಷ್ಟೇ ಕೇಳಿಸುತ್ತದೆ. ಗನ್ನಿನವನಿಗೂ ಇದೇ ತೊಡಕು. ಅವನಿಗೆ ನಂಬರ್ ಪ್ಲೇಟಿಗೆ ಗುರಿ ಇಟ್ಟು ಹಿಡಿದು ನಿಲ್ಲಲು ನೇರವಾದ ತುಂಡು ಬೇಕು, ಗಾಡಿ ಪಕ್ಕಕ್ಕೆ ನಿಲ್ಲಿಸಲು ಜಾಗ ಬೇಕು. ಆನಂದಪುರದ ಆಸುಪಾಸಿನಂತೆ ರಸ್ತೆ ಸ್ವಲ್ಪ ಬಿಚ್ಚಿಕೊಂಡಲ್ಲಿ, ಇಲ್ಲವೇ ಊರಿನ ಬಾಗಿಲಲ್ಲಿ ನಿಲ್ಲಬಹುದೇ ಹೊರತು ಹುಲಿಕಲ್ ಘಾಟಿಯ ನಡುಮಧ್ಯದಲ್ಲಿ ಯಾರೂ ಗನ್ ಹಿಡಿದು ನಿಲ್ಲುವುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲೂ ಇಲ್ಲ. ಇನ್ನು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಮೇಲೆ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 905 ನ್ಯಾನೊಮೀಟರಿನ ಬೆಳಕು ದಪ್ಪ ಮಳೆಯಲ್ಲಿ, ಮಂಜಿನಲ್ಲಿ ಚದುರಿಹೋಗುತ್ತದೆ. ಸುರಿವ ಮಳೆಯಲ್ಲಿ ರಸ್ತೆಯ ಮೇಲೆ ನಿಂತು ಗಾಡಿ ತಡೆಯುವುದೂ ಆಗದ ಮಾತು. ಅಂದರೆ ರಸ್ತೆ ಜಾರುವ, ಧರೆ ಕುಸಿಯುವ, ಹತ್ತು ಮಾರು ಮುಂದೆ ಏನಿದೆ ಅಂತ ಕಾಣದ ನಾಲ್ಕು ತಿಂಗಳು ಗನ್ನೂ ಹೆಚ್ಚುಕಡಿಮೆ ರಜೆಯಲ್ಲಿ, ಡಿಟೆಕ್ಟರೂ ಮೌನದಲ್ಲಿ. ಅಪಾಯ ಎಲ್ಲಿ ಹೆಚ್ಚೋ ಅಲ್ಲೇ ‘ಸಲೀಸು’ ಅನ್ನುವ ಯಂತ್ರ ಇದು. ನೂರು ಸಲ ಸುಳ್ಳು ಕೂಗಿದ್ದಕ್ಕಿಂತ ಹೆಚ್ಚಿನ ನಷ್ಟ ಅದರಲ್ಲಿದೆ.

ಕಿರಿಯ: ನೀವು ಘಾಟಿಯನ್ನಷ್ಟೇ ಹಿಡಿದುಕೊಂಡಿರಿ. ಮಲೆನಾಡೆಲ್ಲ ತಿರುವಲ್ಲ. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಂತಲ್ಲ, ಲಾಂಚಿಗೆ ಕಾದು ಸಿಗಂದೂರಿಗೆ ಹೋಗುತ್ತಿದ್ದಲ್ಲಿ ಈಗ ಎರಡು ಕಿಲೋಮೀಟರಿಗೂ ಉದ್ದದ ರಸ್ತೆ ನೀರಿನ ಮೇಲೆ ನೆಟ್ಟಗೆ ಹೋಗುತ್ತದೆ. ಅಂಥಲ್ಲಿ ಡಿಟೆಕ್ಟರ್ ಕೆಲಸ ಮಾಡುತ್ತದೆ.

ಹಿರಿಯ: 2025ರ ಜುಲೈ 14ರಂದು ಉದ್ಘಾಟನೆ ಆದದ್ದು. ಅಲ್ಲಿ ಡಿಟೆಕ್ಟರ್ ಕೆಲಸ ಮಾಡಬಹುದು, ಆದರೆ ಅಲ್ಲಿ ಕಣ್ಣೂ ಕೆಲಸ ಮಾಡುತ್ತದೆ! ಸೇತುವೆಯ ಮೇಲೆ ಅಡಗಿ ನಿಲ್ಲಲು ಪೊಲೀಸರಿಗೆ ಮರ ಎಲ್ಲಿದೆ? ನೇರ ರಸ್ತೆಯಲ್ಲಿ ಬೇಡ, ತಿರುವಿನಲ್ಲಿ ಆಗದು, ಮಳೆಯಲ್ಲಿ ಇಲ್ಲ. ಉಳಿದ ಪ್ರಸಂಗ ಎಷ್ಟು ಅಂತ ನೀನೇ ಎಣಿಸು. ನಿಜವಾಗಿ ಆ ಸೇತುವೆಯ ಸಮಸ್ಯೆ ಬೇರೆ. ನೇರದಲ್ಲಿ ಎಂಬತ್ತಕ್ಕೆ ಒಗ್ಗಿದ ಕಾಲು ಆಚೆ ದಡದ ಕಿರಿದಾದ ರಸ್ತೆಗೆ ಇಳಿದ ಮೇಲೂ ಎಂಬತ್ತನ್ನೇ ನಿಧಾನ ಅಂದುಕೊಳ್ಳುತ್ತದೆ. ಅದನ್ನು ಸರಿಪಡಿಸುವ ಬ್ಯಾಂಡ್ ಯಾವ ಕಂಪನಿಯದರಲ್ಲೂ ಇಲ್ಲ.

ಕಿರಿಯ: ಈಗ ನನ್ನ ದೊಡ್ಡ ಆಕ್ಷೇಪ ಕೇಳಿ. ಜನ ಡಿಟೆಕ್ಟರ್ ಯಾಕೆ ಕೊಳ್ಳುತ್ತಾರೆ? ನ್ಯಾಯವಾದ ತಪಾಸಣೆಗೆ ಹೆದರಿ ಅಲ್ಲ. ಬೋರ್ಡ್ ಇಲ್ಲದ ಕಡೆ ಮರದ ಮರೆಗೆ ನಿಂತು, ಯಾವಾಗ ತಪಾಸಣೆ ಆಗಿದೆಯೋ ಗೊತ್ತಿಲ್ಲದ ಗನ್ ಹಿಡಿದು, ಅದು ತೋರಿಸಿದ ಅಂಕಿಯೇ ದೇವರ ವಾಕ್ಯ ಅನ್ನುವ ವ್ಯವಸ್ಥೆಗೆ ಹೆದರಿ. ಮಿತಿ ಎಷ್ಟು ಅನ್ನುವುದೇ ಅರ್ಧ ಜನಕ್ಕೆ ಗೊತ್ತಿಲ್ಲ. 2018ರ ಕೇಂದ್ರ ಅಧಿಸೂಚನೆಯಲ್ಲಿ ಎರಡು ಪಥದ ಸಾಮಾನ್ಯ ರಸ್ತೆಗೆ ಕಾರಿಗೆ 70, ಬೈಕಿಗೂ ಬಸ್ಸಿಗೂ ಲಾರಿಗೂ 60, ಆಟೋಗೆ 50. ರಾಜ್ಯ ಅದನ್ನು ಇಳಿಸಬಹುದು. ರಸ್ತೆಯಲ್ಲಿ ನಿಂತವನಿಗೆ ಯಾವುದು ಅನ್ವಯ ಅಂತ ಹೇಗೆ ಗೊತ್ತಾಗಬೇಕು? ಸರ್ಕಾರದ ಕೈಯಲ್ಲಿ ಯಂತ್ರ ಇರಬಹುದಾದರೆ ಪ್ರಜೆಯ ಕೈಯಲ್ಲಿ ಯಾಕೆ ಬೇಡ?

ಹಿರಿಯ: ಈ ಆಕ್ಷೇಪದಲ್ಲಿ ಬಹಳಷ್ಟು ಸತ್ಯ ಇದೆ, ಆದ್ದರಿಂದಲೇ ಡಿಟೆಕ್ಟರ್ ಅದಕ್ಕೆ ತಪ್ಪು ಮದ್ದು ಅನ್ನುತ್ತೇನೆ. ಕಾನೂನು ಏನು ಹೇಳುತ್ತದೆ ನೋಡು. 1988ರ ಮೋಟಾರು ವಾಹನ ಕಾಯ್ದೆಯ 183ನೇ ಕಲಮಿನಲ್ಲೇ ಒಂದು ಒಳ್ಳೆಯ ಮಾತಿದೆ. ಗಾಡಿ ಮಿತಿ ಮೀರಿ ಬಂತು ಎಂದು ಒಬ್ಬ ಸಾಕ್ಷಿ ತನ್ನ ಅಭಿಪ್ರಾಯವಾಗಿ ಹೇಳಿದ್ದಷ್ಟರಿಂದಲೇ ಶಿಕ್ಷೆ ಆಗುವಂತಿಲ್ಲ, ಆ ಅಭಿಪ್ರಾಯಕ್ಕೆ ಯಂತ್ರದ ಅಳತೆ ಆಧಾರವಾಗಿರಬೇಕು. ಸ್ಪೀಡ್ ಗನ್ ಬಂದದ್ದು ಪೊಲೀಸರ ಅನುಕೂಲಕ್ಕೆ ಮಾತ್ರ ಅಲ್ಲ, ‘ಜೋರಾಗಿ ಬಂದೆ’ ಅಂತ ಕಣ್ಣಂದಾಜಿನಲ್ಲಿ ಹೇಳಿ ಹಿಡಿಯುವುದರಿಂದ ನಿನ್ನನ್ನು ಉಳಿಸುವುದಕ್ಕೂ ಹೌದು. 2019ರ ತಿದ್ದುಪಡಿಯಲ್ಲಿ 136ಎ ಕಲಮು ಬಂತು, ಅದರ ಕೆಳಗೆ 2021ರ ಆಗಸ್ಟಿನಲ್ಲಿ 167ಎ ನಿಯಮ. ಸ್ಪೀಡ್ ಗನ್, ಕ್ಯಾಮೆರಾ ಏನೇ ಆಗಲಿ ರಾಜ್ಯ ಗೊತ್ತುಪಡಿಸಿದ ಪ್ರಾಧಿಕಾರದ ಅನುಮೋದನೆ ಪತ್ರ ಇರಬೇಕು, ಅದು ವರ್ಷ ವರ್ಷ ನವೀಕರಣ ಆಗಬೇಕು, ಅಂಥ ಯಂತ್ರ ಇರುವ ರಸ್ತೆಯ ತುಂಡಿಗೆ ಮೊದಲೇ ಎದ್ದು ಕಾಣುವ ಸೂಚನಾ ಫಲಕ ಇರಬೇಕು ಅಂತ ಅದು ಹೇಳುತ್ತದೆ. ಮರದ ಮರೆಯ ಕತೆಗೆ ಕಾನೂನಿನ ಉತ್ತರ ಅದು. ಮೂರನೆಯದು ತೀರಾ ಹೊಸದು. ತೂಕದ ಬಟ್ಟು, ಪೆಟ್ರೋಲ್ ಬಂಕಿನ ಮೀಟರು ಪರೀಕ್ಷಿಸಿ ಮುದ್ರೆ ಒತ್ತುವ ಕಾನೂನುಮಾಪನದ ನಿಯಮಗಳೊಳಗೆ ವಾಹನದ ವೇಗ ಅಳೆಯುವ ರಾಡಾರನ್ನೂ ತಂದು 2025ರ ಏಪ್ರಿಲಿನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿತು, ಜುಲೈ 1ರಿಂದ ಜಾರಿ ಎಂದು. ಮುದ್ರೆ ಇಲ್ಲದ ತಕ್ಕಡಿಯಲ್ಲಿ ಅಡಕೆ ತೂಗಿದರೆ ನೀನು ಒಪ್ಪುತ್ತೀಯಾ? ಹಾಗೆಯೇ ಗನ್ನಿನ ಪತ್ರ ಕೇಳುವ ಹಕ್ಕು ನಿನಗಿದೆ. ಅಂಕಿ ತಪ್ಪಾಗಿ ಹೆಚ್ಚು ತೋರಿಸೀತು ಅನ್ನುವ ಭಯಕ್ಕೂ ಸ್ವಲ್ಪ ಸಮಾಧಾನ ಇದೆ. ಗನ್ ರಸ್ತೆಯ ಬದಿಯಲ್ಲಿ ಓರೆಯಾಗಿ ನಿಂತಷ್ಟೂ ಅಳತೆ ನಿಜವಾದ ವೇಗಕ್ಕಿಂತ ಕಡಿಮೆಯೇ ಬರುತ್ತದೆ, ಆ ಕೋನದ ಲಾಭ ಯಾವತ್ತೂ ಕಾರಿನವನಿಗೆ. ಪತ್ರ ಕೇಳಿ, ಫಲಕ ಎಲ್ಲಿತ್ತು ಎಂದು ಕೇಳಿ, ನ್ಯಾಯಾಲಯದಲ್ಲಿ ತಕರಾರು ಮಾಡಿದರೆ ವ್ಯವಸ್ಥೆ ನಿನ್ನೊಬ್ಬನಿಗಲ್ಲ, ಎಲ್ಲರಿಗೂ ಸರಿಯಾಗುತ್ತದೆ. ಡಿಟೆಕ್ಟರ್ ಇಟ್ಟುಕೊಂಡವನು ತಾನೊಬ್ಬ ತಪ್ಪಿಸಿಕೊಂಡು ಮರದ ಮರೆಯನ್ನು ಹಾಗೇ ಬಿಟ್ಟು ಹೋಗುತ್ತಾನೆ.

ಕಿರಿಯ: ಸಾವಿರ ರೂಪಾಯಿಯ ಫೈನಿಗೆ ಕೋರ್ಟಿಗೆ ಯಾರು ಅಲೆಯುತ್ತಾರೆ? ಕಟ್ಟದೇ ಇಟ್ಟುಕೊಂಡರೆ ಅರ್ಧ ರಿಯಾಯಿತಿ ಸಿಗುತ್ತದೆ, 2023ರ ಫೆಬ್ರುವರಿಯಲ್ಲಿ ಸಿಕ್ಕ ಹಾಗೆ.

ಹಿರಿಯ: ಆ ರಿಯಾಯಿತಿಯಿಂದ ಸರ್ಕಾರಕ್ಕೆ ಬಾಕಿ ಬಂತು, ದಂಡದ ಮರ್ಯಾದೆ ಹೋಯಿತು, ಅದರಲ್ಲಿ ಅನುಮಾನ ಇಲ್ಲ. ಹಾಗೆಯೇ ಡಿಟೆಕ್ಟರ್ ಇಟ್ಟುಕೊಳ್ಳುವುದು ಪ್ರಜೆಯ ಹಕ್ಕು ಅಂತ ಎದೆ ತಟ್ಟಿ ಹೇಳುವಂತೆಯೂ ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಅದರ ಹೆಸರೆತ್ತಿ ನಿಷೇಧ ಬರೆದಿಲ್ಲ, ನಿಜ. ಆದರೆ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಅನುಮತಿ ಬೇಕೆನ್ನುವ ಕಾನೂನು ಈ ದೇಶದಲ್ಲಿ 1933ರಿಂದ ಇದೆ, ಅಲೆಯನ್ನೇ ಕೆಡಿಸುವ ಜಾಮರ್ ಅಂತೂ ಸಾಮಾನ್ಯರಿಗೆ ಇಲ್ಲವೇ ಇಲ್ಲ. ಅಮೆರಿಕದಲ್ಲೂ ವರ್ಜೀನಿಯಾ ರಾಜ್ಯ ಡಿಟೆಕ್ಟರನ್ನು ನಿಷೇಧಿಸಿದೆ, ಜರ್ಮನಿಯಲ್ಲಿ ಓಡಿಸುವಾಗ ಬಳಸುವಂತಿಲ್ಲ. ಅದಿರಲಿ, ಕಾನೂನು ನನ್ನ ವಾದದ ಬೇರಲ್ಲ. ನಾಳೆ ಪೂರಾ ಮುಕ್ತ ಮಾಡಿದರೂ ಹುಲಿಕಲ್ಲಿನಲ್ಲಿ ಅದು ಇಷ್ಟೇ ನಿರುಪಯೋಗಿ.

ಕಿರಿಯ: ಹಾಗಾದರೆ ಬೇರು ಯಾವುದು? ಅತಿವೇಗದಿಂದಲೇ ಸಾವು ಅನ್ನುವ ಅಂಕಿ ಅಂಶ ತೆಗೆಯುತ್ತೀರಾ? ಕೇಂದ್ರದ ವರದಿಯಲ್ಲಿ 2022ರ ರಸ್ತೆ ಸಾವು 1,68,491, ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಅತಿವೇಗದ ಲೆಕ್ಕಕ್ಕೆ. ಆದರೆ ಠಾಣೆಯಲ್ಲಿ ಎಫ್‌ಐಆರ್ ಬರೆಯುವಾಗ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅನ್ನುವುದು ಮೊದಲೇ ಅಚ್ಚಾದ ಹಾಗೆ ಬರುತ್ತದೆ. ಗುಂಡಿ ತಪ್ಪಿಸಲು ಹೋಗಿ ಬಿದ್ದವನೂ ಅತಿವೇಗ, ದನ ಅಡ್ಡ ಬಂದವನೂ ಅತಿವೇಗ. ಆ ಲೆಕ್ಕ ನಂಬಿ ವಾದ ಕಟ್ಟುವುದು ಹೇಗೆ?

ಹಿರಿಯ: ನಂಬಬೇಡ. ನೀನು ಹೇಳಿದ್ದು ಸರಿ, ಅಪಘಾತದ ಕಾರಣವನ್ನು ಅಳೆದು ಬರೆಯುವ ಪದ್ಧತಿ ನಮ್ಮ ಠಾಣೆಗಳಲ್ಲಿ ಇನ್ನೂ ಗಟ್ಟಿಯಾಗಿಲ್ಲ. ಆ ಎಪ್ಪತ್ತೊಂದನ್ನು ಪಕ್ಕಕ್ಕಿಟ್ಟು ಬರೀ ಕೂಡುವ ಕಳೆಯುವ ಲೆಕ್ಕ ಮಾಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ವಿನ್ಯಾಸಕ್ಕೆ ಇಟ್ಟುಕೊಂಡ ಒಂದು ಅಳತೆ ಇದೆ. ಅಡ್ಡಿ ಕಂಡ ಕ್ಷಣದಿಂದ ಗಾಡಿ ಪೂರಾ ನಿಲ್ಲುವವರೆಗೆ ಎಷ್ಟು ದೂರ ಬೇಕು ಅನ್ನುವುದು. ನಲವತ್ತರಲ್ಲಿ 45 ಮೀಟರ್, ಅರವತ್ತರಲ್ಲಿ 80. ಇದರಲ್ಲಿ ಕಂಡು, ತಿಳಿದು, ಬ್ರೇಕ್ ಒತ್ತುವವರೆಗೆ ಎರಡೂವರೆ ಸೆಕೆಂಡ್ ಕೊಟ್ಟಿದ್ದಾರೆ, ಒದ್ದೆ ರಸ್ತೆಯ ಹಿಡಿತವನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಈಗ ಮೇಗರವಳ್ಳಿ ಕಾಡಿನಲ್ಲಿ ಒಂದು ತಿರುವು ಇಟ್ಟುಕೋ, ಐವತ್ತು ಮೀಟರಿನ ಮುಂದೆ ಕಾಣದ್ದು. ತಿರುಗಿದ ಕೂಡಲೇ ರಸ್ತೆಯ ನಡುವೆ ಕಾಟಿ. ನೀನು ನಲವತ್ತರಲ್ಲಿ ಇದ್ದರೆ ಅದರ ಮೂತಿಯಿಂದ ಐದು ಮೀಟರ್ ಈಚೆ ನಿಲ್ಲುತ್ತೀಯ. ಅರವತ್ತರಲ್ಲಿ ಇದ್ದರೆ? ಎರಡೂವರೆ ಸೆಕೆಂಡಿನಲ್ಲಿ ಸುಮಾರು 42 ಮೀಟರ್ ಹೋಗಿಬಿಟ್ಟೆ, ಬ್ರೇಕಿಗೆ ಉಳಿದದ್ದು ಎಂಟು ಮೀಟರ್. ಅಷ್ಟರಲ್ಲಿ ವೇಗ ಇಳಿಯುವುದು ಐವತ್ತಮೂರರ ಆಸುಪಾಸಿಗೆ. ಇಪ್ಪತ್ತು ಕಿಲೋಮೀಟರ್ ವೇಗ ಹೆಚ್ಚಿದ್ದರ ಬೆಲೆ, ಐದು ಮೀಟರ್ ಉಳಿಯುವುದಕ್ಕೂ ಒಂದು ಟನ್ನಿನ ಹತ್ತಿರದ ಪ್ರಾಣಿಗೆ ಐವತ್ತಮೂರರಲ್ಲಿ ಬಡಿಯುವುದಕ್ಕೂ ಇರುವ ಅಂತರ.

ಕಿರಿಯ: ಎರಡೂವರೆ ಸೆಕೆಂಡ್ ಯಾರಿಗೆ ಬೇಕು ಭಾವ? ರಸ್ತೆ ಗೊತ್ತಿದ್ದು ಎಚ್ಚರದಲ್ಲಿ ಓಡಿಸುವವನಿಗೆ ಒಂದೇ ಸೆಕೆಂಡ್ ಸಾಕು. ಹೊಸ ಕಾರುಗಳಿಗೆ ಎಬಿಎಸ್ ಬೇರೆ ಇದೆ.

ಹಿರಿಯ: ಒಂದೇ ಸೆಕೆಂಡ್ ಅಂತ ಇಟ್ಟುಕೊ. ಒದ್ದೆ ರಸ್ತೆಯಲ್ಲಿ ಅದೇ ಹಿಡಿತಕ್ಕೆ ಲೆಕ್ಕ ಹಾಕಿದರೆ ಆಗಲೂ ಇಪ್ಪತ್ತಮೂರರ ಸುಮಾರಿಗೆ ಬಡಿಯುತ್ತೀಯ. ಕಾಟಿಯ ಬದಲು ಶಾಲೆ ಬಿಟ್ಟು ಹೊರಟ ಮಕ್ಕಳು ಅಂದುಕೊಂಡರೆ ಇಪ್ಪತ್ತಮೂರು ಸಣ್ಣ ಅಂಕಿ ಅಲ್ಲ. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಂಡು ಸ್ಟಿಯರಿಂಗ್ ನಿನ್ನ ಕೈಯಲ್ಲಿ ಉಳಿಸುತ್ತದೆ, ರಸ್ತೆಗೇ ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಇಳಿಜಾರಿನಲ್ಲಿ ನಿಲ್ಲುವ ದೂರ ಇನ್ನೂ ಜಾಸ್ತಿ. ಹೇರ್‌ಪಿನ್ ತಿರುವಿಗೆ ಅದೇ ರೋಡ್ಸ್ ಕಾಂಗ್ರೆಸ್ಸಿನ ಕನಿಷ್ಠ ವಿನ್ಯಾಸ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರ್! ಅಧಿಸೂಚನೆಯ 70 ಎಲ್ಲಿ, ತಿರುವಿನ 20 ಎಲ್ಲಿ? ಆದ್ದರಿಂದ ಘಾಟಿಯಲ್ಲಿ ಕಾನೂನಿನ ಮಿತಿಯೊಳಗೇ ಇದ್ದು, ಯಾವ ಗನ್ನಿಗೂ ಸಿಗದೆ, ಡಿಟೆಕ್ಟರ್ ಒಮ್ಮೆಯೂ ಕೂಗದೆ ಕಂದಕಕ್ಕೆ ಹೋಗಬಹುದು. ಪೊಲೀಸರ ಗನ್ನು ಅಳೆಯುವ ವೇಗ ಒಂದು, ರಸ್ತೆ ಕೇಳುವ ವೇಗ ಇನ್ನೊಂದು. ಬಯಲುಸೀಮೆಯ ನಾಲ್ಕು ಪಥದಲ್ಲಿ ಎರಡೂ ಹತ್ತಿರ ಹತ್ತಿರ ಇರುತ್ತವೆ, ಅಲ್ಲಿ ಗನ್ನಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದಕ್ಕೆ ಅರ್ಥವಾದರೂ ಇದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನೂರರ ಮಿತಿ, ಕ್ಯಾಮೆರಾ, 2023ರ ಆಗಸ್ಟಿನಿಂದ ಮುಖ್ಯ ಪಥಕ್ಕೆ ಬೈಕು ಆಟೋ ನಿಷೇಧ ಅಂತ ಗದ್ದಲ ಆದದ್ದು ಅದಕ್ಕೇ. ಆ ಹೆದ್ದಾರಿಯ ಚರ್ಚೆಯನ್ನೇ ಹೊತ್ತುತಂದು ತೀರ್ಥಹಳ್ಳಿಯಲ್ಲಿ ಮಾಡುತ್ತಿದ್ದೇವೆ, ಎಡವಟ್ಟಾದದ್ದು ಅಲ್ಲಿ.

ಕಿರಿಯ: ಹಾಗಂತ ಕಾರಿನವನಿಗೆ ಮಾತ್ರ ಉಪದೇಶ ಯಾಕೆ? ಖಾಸಗಿ ಬಸ್ಸಿನವರು ಟೈಮಿಂಗ್ ಅಂತ ಅದೇ ತಿರುವಿನಲ್ಲಿ ಹಾರನ್ ಒತ್ತಿಕೊಂಡು ಬರುತ್ತಾರೆ. ಅವರಿಗೆ ಸ್ಪೀಡ್ ಗವರ್ನರ್ ಬೇರೆ ಇದೆ ಅನ್ನುತ್ತಾರೆ.

ಹಿರಿಯ: ಗವರ್ನರಿನ ಕಡಿವಾಣ ಬಸ್ಸಿಗೆ ಎಂಬತ್ತಕ್ಕೆ, ಶಾಲಾ ಬಸ್ಸು ಟಿಪ್ಪರಿಗೆ ಅರವತ್ತಕ್ಕೆ. ಎಂಬತ್ತಕ್ಕೆ ಕಟ್ಟಿದ ಬಸ್ಸು ಮೂವತ್ತರ ತಿರುವಿನಲ್ಲಿ ಕಟ್ಟಿದ್ದೇ ಅಲ್ಲ. ಅದೂ ನಾನು ಹೇಳಿದ ಎಡವಟ್ಟೇ, ಯಂತ್ರ ಇನ್ನೊಂದು ರಸ್ತೆಗಾಗಿ ತಯಾರಾದದ್ದು. ಬಸ್ಸಿನ ಎರಡು ಟ್ರಿಪ್ಪಿನ ನಡುವೆ ನಾಲ್ಕೇ ನಿಮಿಷ ಕೊಡುವ ಪರ್ಮಿಟ್ಟಿನ ವಿಚಾರ ತೆಗೆದರೆ ಇವತ್ತು ಮುಗಿಯುವುದಿಲ್ಲ. ಆದರೆ ವೇಗ ಅಳೆಯುವ ಯಂತ್ರದ ಚರಿತ್ರೆಯಲ್ಲೇ ಒಂದು ತಮಾಷೆ ಇದೆ, ಹೇಳಿಬಿಡುತ್ತೇನೆ. ಯುರೋಪಿನ ಸ್ಪೀಡ್ ಕ್ಯಾಮೆರಾಗಳಿಗೆ ಗಾಟ್ಸೊ ಅಂತ ಹೆಸರು ಬಂದದ್ದು ಮಾರಿಸ್ ಗಾಟ್ಸೊನಿಡಿಸ್ ಎಂಬ ಡಚ್ ಮನುಷ್ಯನಿಂದ. ಅವನು ಪೊಲೀಸ್ ಅಲ್ಲ, ರ್‍ಯಾಲಿ ಕಾರು ಓಡಿಸುವವ, 1953ರ ಮಾಂಟೆಕಾರ್ಲೊ ರ್‍ಯಾಲಿ ಗೆದ್ದವನು. ಅವನು ಅಳೆಯುವ ಸಾಧನ ಮಾಡಿಕೊಂಡದ್ದು ತಿರುವಿನಲ್ಲಿ ತನ್ನ ಕಾರಿನ ವೇಗ ಎಷ್ಟಿದೆ, ಇನ್ನೂ ಎಷ್ಟು ಏರಿಸಬಹುದು ಅಂತ ತಿಳಿಯುವುದಕ್ಕೆ. ಪೊಲೀಸರ ಕೈಗೆ ಅದು ಹೋದದ್ದು ಆಮೇಲೆ. ವೇಗದ ಹುಚ್ಚು ಇದ್ದವನೂ ತಿರುವನ್ನು ಅಳೆದೇ ನುಗ್ಗಿದ. ನಾವು ಅಳೆಯುವುದನ್ನು ಪೊಲೀಸರಿಗೆ ಬಿಟ್ಟು, ಅವರು ಎಲ್ಲಿ ಅಳೆಯುತ್ತಾರೆ ಅಂತ ಹುಡುಕುವುದಕ್ಕೆ ದುಡ್ಡು ಕೊಡುತ್ತೇವೆ.

ಕಿರಿಯ: ನಮ್ಮ ರಸ್ತೆಯಲ್ಲಿ ಎದುರು ಬರುವ ಲಾರಿಯವನು ಲೈಟ್ ಹೊಡೆದು ಪೊಲೀಸ್ ಇದ್ದಾರೆ ಅಂತ ಹೇಳುತ್ತಾನೆ, ಅದೂ ಡಿಟೆಕ್ಟರೇ ಅಲ್ಲವಾ? ಅದಕ್ಕೆ ಏನನ್ನುತ್ತೀರಿ?

ಹಿರಿಯ: ಅದು ನಿನ್ನ ಯಂತ್ರಕ್ಕಿಂತ ಎಷ್ಟೋ ಪಾಲು ಮೇಲು, ಪೊಲೀಸರಿಗೆ ಇಷ್ಟ ಇರಲಿ ಬಿಡಲಿ. ತಿರುವಿನಾಚೆ ನೋಡಿ ಬಂದವನ ಸುದ್ದಿ ಅದು, ಗುಡ್ಡ ಅಡ್ಡ ಬರುವುದಿಲ್ಲ. ಇನ್ನೂ ಒಂದು ಗುಣ, ಅವನು ಪೊಲೀಸರಿಗೆ ಮಾತ್ರ ಹೊಡೆಯುವುದಿಲ್ಲ. ಮಾಸ್ತಿಕಟ್ಟೆಯಲ್ಲಿ ಮರ ಬಿದ್ದಿದ್ದರೂ, ಧರೆ ಜಾರಿದ್ದರೂ, ಲಾರಿ ಕೆಟ್ಟು ನಿಂತಿದ್ದರೂ, ಕಾಟಿ ಹಿಂಡು ದಾಟುತ್ತಿದ್ದರೂ ಅದೇ ಲೈಟು. ಯಾವುದಕ್ಕೆ ಅಂತ ನಿನಗೆ ಗೊತ್ತಾಗದೇ ಇರುವುದರಿಂದ ಮುಂದಿನ ತಿರುವನ್ನು ಎಲ್ಲದಕ್ಕೂ ತಯಾರಾಗಿ ತಿರುಗಿಸುತ್ತೀಯ.

ಕಿರಿಯ: ಊರಿನವರಿಗೆ ಅದು ಸರಿ. ಮೊದಲ ಸಲ ಕೊಡಚಾದ್ರಿಗೆ ಬಂದ ಬೆಂಗಳೂರಿನವನಿಗೆ ಈ ಲೈಟಿನ ಭಾಷೆ ಬರುವುದಿಲ್ಲ, ಮೇಗರವಳ್ಳಿಯ ತಿರುವು ಗೊತ್ತಿಲ್ಲ. ಅವನ ಮ್ಯಾಪಿನಲ್ಲಿ ನೀಲಿ ಗೆರೆ ಮಾತ್ರ. ಅವನಿಗೆ ಏನು ಮಾಡುತ್ತೀರಿ?

ಹಿರಿಯ: ಅವನಿಗೆ ಬೇಕಾದ್ದು ತಿರುವಿಗೆ ಮುಂಚೆ ಒಂದು ಫಲಕ, ಆ ತಿರುವಿನಲ್ಲಿ ಎಷ್ಟು ದೂರ ಕಾಣುತ್ತದೋ ಅದಕ್ಕೆ ತಕ್ಕ ವೇಗ ಬರೆದದ್ದು. ಜಿಲ್ಲೆಗೆ ಒಂದೇ 60, ಒಂದೇ 70 ಅಂತಲ್ಲ; ಈ ತಿರುವಿಗೆ 35, ಮುಂದಿನದಕ್ಕೆ 20. ಗನ್ ಕೊಳ್ಳುವ ಖರ್ಚಿನ ಮುಂದೆ ಇದು ಏನೂ ಅಲ್ಲ, ಮಳೆಯಲ್ಲೂ ಕೆಲಸ ಮಾಡುತ್ತದೆ, ಬೆಳಕು ಬಿದ್ದರೆ ರಾತ್ರಿಯೂ ಹೊಳೆಯುತ್ತದೆ. ಅಂಥ ಫಲಕ ಇದ್ದಲ್ಲಿ ಪೊಲೀಸರು ಗನ್ ಹಿಡಿದು ನಿಂತರೂ ನನ್ನ ತಕರಾರಿಲ್ಲ. ಮಿತಿ ಯಾಕೆ ಅಂತ ರಸ್ತೆಯೇ ತೋರಿಸುತ್ತಿರುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ರಸ್ತೆ ಸುರಕ್ಷತಾ ಸಮಿತಿ ಇದೆ, ಅರ್ಜಿ ಅಲ್ಲಿಗೆ ಕೊಡು. ‘ಅಪಾಯಕಾರಿ ತಿರುವು’ ಅಂತ ಒಂದು ಸಾಲು ಬರೆದರೆ ಕಡತದಲ್ಲಿ ಮಲಗುತ್ತದೆ. ಹೆದ್ದಾರಿಯ ಸಂಖ್ಯೆ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ, ಯಾವ ಕಡೆಯಿಂದ ಬರುವಾಗ, ತಿರುವಿಗೆ ಎಷ್ಟು ಮೀಟರ್ ಈಚೆಯಿಂದ ಆಚೆಯ ಗಾಡಿ ಕಾಣುತ್ತದೆ, ಇಷ್ಟನ್ನು ಟೇಪ್ ಹಿಡಿದು ಅಳೆದು ಬರೆ. ಅಳೆಯುವಾಗ ಇಬ್ಬರು ಇರಬೇಕು, ಒಬ್ಬ ತಿರುವಿನಾಚೆ ನಿಂತು ಗಾಡಿ ಬರುವುದನ್ನು ಕೂಗಿ ಹೇಳಲಿಕ್ಕೆ.